ಲಿಂಕಿನೊಳಗೆ & ಬಂದರೆ ಆರ್ಡರ್ ಅರ್ಧಕ್ಕೇ ತುಂಡಾಗುತ್ತಿದೆ, ಯಾರಾದ್ರೂ ದಾರಿ ಹೇಳಿ

ಖಣದಂಗಡಿ (ಗುಳೇದಗುಡ್ಡ)

ಎಲ್ಲರಿಗೂ ನಮಸ್ಕಾರ. ಗುಳೇದಗುಡ್ಡದಲ್ಲಿ ನಮ್ಮದು ಸಣ್ಣ ಅಂಗಡಿ, ಖಣ ಮತ್ತು ಇಳಕಲ್ ಸೀರೆ ಮಾರುತ್ತೇವೆ. ಹೋದ ದೀಪಾವಳಿಗೆ ಒಂದು ವೆಬ್‌ಸೈಟ್ ಮಾಡಿಸಿದೆವು. ಪ್ರತಿ ಫೋಟೋ ಕೆಳಗೆ ಒಂದು ಹಸಿರು ಬಟನ್ ಇದೆ. ಗಿರಾಕಿ ಅದನ್ನು ಒತ್ತಿದರೆ ವಾಟ್ಸ್‌ಆ್ಯಪ್ ತೆರೆಯುತ್ತದೆ, ಆರ್ಡರ್ ಮೊದಲೇ ಬರೆದಿರುತ್ತದೆ, ಅವರು ಸುಮ್ನೆ ಕಳಿಸಿದರೆ ಸಾಕು.

ತೊಂದರೆ ಏನಂದ್ರೆ, ಆರ್ಡರ್ ಪೂರ್ತಿ ಬರುತ್ತಿಲ್ಲ. ಒಂದು ಸೀರೆ ಮಾತ್ರ ಇದ್ದರೆ ಸರಿಯಾಗಿ ಬರುತ್ತದೆ. ಜೊತೆಗೆ ಖಣ ಸೇರಿಸಿದರೆ "ಇಳಕಲ್ ಸೀರೆ" ಅಂತ ಎರಡೇ ಪದ ಬಂದು ನಿಲ್ಲುತ್ತದೆ. ಬಣ್ಣ ಇಲ್ಲ, ಖಣ ಇಲ್ಲ, ವಿಳಾಸ ಇಲ್ಲ. ಹೋದ ವಾರ ಸೊಲ್ಲಾಪುರದ ಒಬ್ಬ ಅಕ್ಕ ಸೀರೆ ಜೊತೆ ಗಿಳಿಹಸಿರು ಖಣ ಕೇಳಿದ್ದರು. ನಮಗೆ ಬಂದಿದ್ದು ಸೀರೆ ಅಂತ ಮಾತ್ರ. ವಿಳಾಸ ಕೇಳಿ ಬರೀ ಸೀರೆ ಕಳಿಸಿದೆವು. ಅವರ ಮಗಳ ಕುಬಸ (ಸೀಮಂತ) ಇತ್ತು. ಖಣ ಇಲ್ಲದೆ ಕುಬಸ ಹೇಗೆ ಮಾಡೋದು? ಫೋನಿನಲ್ಲಿ ಅವರು ಬೈಯಲಿಲ್ಲ, ಅತ್ತುಬಿಟ್ಟರು. ಆವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಲಿಂಕ್ ಹೀಗಿದೆ (ನಿಜವಾದದ್ದು ಹಾಕಿದರೆ ಇಲ್ಲಿ ನೀಲಿಯಾಗಿಬಿಡುತ್ತದೆ, ಅದಕ್ಕೆ ಕನ್ನಡದಲ್ಲೇ ಬರೆದಿದ್ದೇನೆ):

...?ಸಂದೇಶ=ಇಳಕಲ್ ಸೀರೆ & ಖಣ, ಬಣ್ಣ ಗಿಳಿಹಸಿರು, ಮನೆ #14

ಸೈಟ್ ಮಾಡಿಕೊಟ್ಟವರು ಈಗ ಫೋನ್ ಎತ್ತುತ್ತಿಲ್ಲ. ನನಗೆ ಕೋಡ್ ಬರೋದಿಲ್ಲ, ಆದರೆ ಹೇಳಿಕೊಟ್ಟರೆ ಮಾಡುತ್ತೇನೆ. ನಮ್ಮ ಅಣ್ಣನ ಮಗ ಡಿಪ್ಲೊಮಾ ಓದುತ್ತಿದ್ದಾನೆ, ಅವನೂ ಇದ್ದಾನೆ.

ಕ್ಯಾಂಪ್_ಹುಡುಗ (ಬೆಳಗಾವಿ)

& ಇದ್ದ ಕಡೆ %26 ಹಾಕಿ. ಮುಗೀತು.

ಮಲಪ್ರಭಾ_ದಂಡೆ (ಬಾದಾಮಿ)

ಅಷ್ಟಕ್ಕೇ ಮುಗಿಯೋದಿಲ್ಲ, ಅವರ ಲಿಂಕಿನಲ್ಲಿ # ಕೂಡ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲಿಂಕಿನಲ್ಲಿ ಕೆಲವು ಚಿಹ್ನೆಗಳಿಗೆ ಮೊದಲೇ ಕೆಲಸ ಹಂಚಿಬಿಟ್ಟಿದ್ದಾರೆ. ? ಅಂದರೆ ಇಲ್ಲಿಂದ ಮುಂದೆ ಮಾಹಿತಿ ಶುರು. = ಅಂದರೆ ಎಡಕ್ಕೆ ಹೆಸರು, ಬಲಕ್ಕೆ ಬೆಲೆ (ದುಡ್ಡಲ್ಲ, ಆ ಹೆಸರಿನಲ್ಲಿ ತುಂಬುವ ಮಾಹಿತಿ). & ಅಂದರೆ ಒಂದು ಮಾಹಿತಿ ಮುಗೀತು, ಇನ್ನೊಂದು ಬಂತು. ನೀವು "ಸೀರೆ & ಖಣ" ಅಂತ ಬರೆದಾಗ ಆ ಕಡೆ ಓದುವ ಯಂತ್ರಕ್ಕೆ ಅದು ಎರಡು ಬೇರೆ ಮಾಹಿತಿ. "ಇಳಕಲ್ ಸೀರೆ" ಅನ್ನೋದು ಸಂದೇಶ. "ಖಣ, ಬಣ್ಣ..." ಅನ್ನೋದು ಗುರುತಿಲ್ಲದ ಇನ್ನೊಂದು ಮಾಹಿತಿ, ಅದನ್ನು ಯಾರೂ ಕೇಳಿಲ್ಲ, ಹಾಗಾಗಿ ಬಿಟ್ಟುಬಿಡುತ್ತದೆ. ತಪ್ಪು ವಾಟ್ಸ್‌ಆ್ಯಪ್‌ನದ್ದಲ್ಲ, ಲಿಂಕ್ ಕಟ್ಟಿದವರದ್ದು.

# ಇನ್ನೂ ಕೆಟ್ಟದ್ದು. ಅದರ ಮುಂದೆ ಇರೋದನ್ನ ಬ್ರೌಸರ್ ಸರ್ವರಿಗೆ ಕಳಿಸೋದೇ ಇಲ್ಲ. ಪುಟದೊಳಗಿನ ಯಾವ ಜಾಗಕ್ಕೆ ಹೋಗಬೇಕು ಅನ್ನೋದಕ್ಕೆ ಅದು ಮೀಸಲು. ನಮ್ಮ ರಾಜ್ಯದಲ್ಲಿ ವಿಳಾಸ ಬರೆಯೋದೇ ಹೀಗೆ ಅಲ್ವಾ, #14, ಎರಡನೇ ಕ್ರಾಸ್ ಅಂತ? ಅಂಥ ವಿಳಾಸ ಲಿಂಕಿನೊಳಗೆ ಹಾಗೇ ಹೋದರೆ ಮನೆ ನಂಬರಿನಿಂದ ಪಿನ್‌ಕೋಡ್‌ವರೆಗೆ ಎಲ್ಲಾ ಮಾಯ. & ಒಂದನ್ನೇ ಸರಿಮಾಡಿದರೆ ನಿಮ್ಮ ಆರ್ಡರ್ ಈಗ ಇಲ್ಲಿ ತುಂಡಾಗುತ್ತದೆ.

ಇಂಥ ಚಿಹ್ನೆಗಳನ್ನು ಮೀಸಲು ಅಕ್ಷರಗಳು ಅನ್ನುತ್ತಾರೆ. ಆರ್‌ಎಫ್‌ಸಿ 3986 ಅಂತ, ಲಿಂಕ್ ಹೇಗೆ ಬರೆಯಬೇಕು ಅನ್ನೋ ನಿಯಮದ ಒಂದು ದಾಖಲೆ ಇದೆ, 2005ರ ಜನವರಿಯದು. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ, ಜೊತೆಗೆ ರಾಯ್ ಫೀಲ್ಡಿಂಗ್, ಲ್ಯಾರಿ ಮ್ಯಾಸಿಂಟರ್ ಸೇರಿ ಬರೆದದ್ದು. ಅದರಲ್ಲಿ ಪಟ್ಟಿಯೇ ಇದೆ. ಯಾವ ಭಯವೂ ಇಲ್ಲದೆ ಹಾಗೇ ಬರೆಯಬಹುದಾದ್ದು ಇಂಗ್ಲಿಷ್ ಅಕ್ಷರ, ಅಂಕಿ, ಮತ್ತೆ - . _ ~ ಈ ನಾಲ್ಕು ಚಿಹ್ನೆ ಮಾತ್ರ. ಉಳಿದ ಯಾವುದೇ ಇರಲಿ, ಬೆಲೆಯೊಳಗೆ ಅಕ್ಷರವಾಗಿಯೇ ಬರಬೇಕಾದರೆ % ಹಾಕಿ ಅದರ ಸಂಖ್ಯೆ ಬರೆಯಬೇಕು. & ಗೆ %26, # ಗೆ %23, ಖಾಲಿ ಜಾಗಕ್ಕೆ %20.

ಖಣದಂಗಡಿ

ಈಗ ಅರ್ಥವಾಯ್ತು, ತುಂಬಾ ಥ್ಯಾಂಕ್ಸ್. ನಮ್ಮ ಸೀರೆಗಳ ಪಟ್ಟಿ ಒಂದು ಶೀಟ್‌ನಲ್ಲಿದೆ, ಅಲ್ಲಿಂದಲೇ ಲಿಂಕ್ ಆಗುತ್ತದೆ. ಕೂತು 140 ಸಾಲಿನಲ್ಲೂ & ತೆಗೆದು %26 ಮಾಡಿದೆ. # ಕೂಡ. ಈಗ ಸಂದೇಶ ಪೂರ್ತಿ ಬರುತ್ತಿದೆ! ಆದರೆ "50% ರಿಯಾಯಿತಿ" ಅಂತ ಇರುವ ಆರು ಸೀರೆಗಳದ್ದು ಮಾತ್ರ ತೆರೆಯುತ್ತಲೇ ಇಲ್ಲ.

ಕ್ಯಾಂಪ್_ಹುಡುಗ

% ಅನ್ನೋದೇ ಈಗ ವಿಶೇಷ ಅಕ್ಷರ ಆಯ್ತಲ್ಲ. ಅದಕ್ಕೂ ಸಂಖ್ಯೆ ಇದೆ, %25. ಹಾಗಾಗಿ 50%25 ರಿಯಾಯಿತಿ ಅಂತ ಆಗಬೇಕು. % ಆದ ಮೇಲೆ ಎರಡು ಅಂಕೆ ಸಿಗುತ್ತೆ ಅಂತ ಯಂತ್ರ ಕಾಯುತ್ತೆ, ನಿಮ್ಮದರಲ್ಲಿ ಖಾಲಿ ಜಾಗ ಸಿಕ್ಕಿ ತಬ್ಬಿಬ್ಬಾಗುತ್ತೆ.

ದ್ರಾಕ್ಷಿತೋಟ (ವಿಜಯಪುರ)

ಇಷ್ಟೆಲ್ಲಾ ಯಾಕೆ? & ಬದಲು "ಮತ್ತು" ಅಂತ ಬರೆಯಿರಿ, # ಬದಲು "ನಂ." ಅಂತ ಬರೆಯಿರಿ, % ಬದಲು "ಅರ್ಧ ಬೆಲೆ" ಅನ್ನಿ. ಕನ್ನಡವೂ ಉಳಿಯುತ್ತೆ. ನಮ್ಮ ಒಣದ್ರಾಕ್ಷಿ ಸೈಟ್‌ನಲ್ಲಿ ನಾನು ಹಾಗೇ ಮಾಡಿದ್ದೇನೆ, ಎರಡು ವರ್ಷದಿಂದ ತೊಂದರೆ ಇಲ್ಲ.

ತೋಪತೆನಿ (ಇಳಕಲ್)

ನಿಮ್ಮ ಪಟ್ಟಿ ನೀವು ಬರೆಯುತ್ತೀರಿ, ಸರಿ. ಗಿರಾಕಿ ತನ್ನ ವಿಳಾಸ ಬರೆಯುವಾಗ # ಹಾಕಬೇಡಿ ಅಂತ ಯಾರು ಹೇಳ್ತಾರೆ? ಅಪ್ಪನ ಕಾಲದಿಂದ ಬೋರ್ಡಿನ ಮೇಲೆ "& ಸನ್ಸ್" ಅಂತ ಇರುವ ಅಂಗಡಿ ಒಂದು ಲಿಂಕಿಗೋಸ್ಕರ ಹೆಸರು ಬದಲಿಸಬೇಕಾ? ಜನ ಬರೆದದ್ದನ್ನ ಇದ್ದ ಹಾಗೇ ಹೊತ್ತುಕೊಂಡು ಹೋಗಿ ತಲುಪಿಸೋದು ಲಿಂಕಿನ ಕೆಲಸ. ಜನ ಹೇಗೆ ಬರೆಯಬೇಕು ಅಂತ ಲಿಂಕ್ ಹೇಳಬಾರದು.

ದ್ರಾಕ್ಷಿತೋಟ

ಮಾತು ಸರಿ ಇದೆ. ಆದರೂ ಕೋಡ್ ಬಾರದವರಿಗೆ ನನ್ನ ದಾರಿ ಸುಲಭ.

ಬೈಟ್_ಬಸವ (ಬಾಗಲಕೋಟೆ)

ಕೈಯಲ್ಲಿ ಒಂದೊಂದೇ ತಿದ್ದಬೇಡಿ ಸರ್, 140 ಸಾಲು ಇಂದು, ನಾಳೆ 300 ಆಗುತ್ತೆ. ಲಿಂಕ್ ಪೂರ್ತಿ ತಯಾರಾದ ಮೇಲೆ ಅದನ್ನ ಎನ್‌ಕೋಡ್‌ಯುಆರ್‌ಐ ಅನ್ನೋ ಫಂಕ್ಷನ್‌ಗೆ ಕೊಟ್ಟುಬಿಡಿ. ಜಾವಾಸ್ಕ್ರಿಪ್ಟ್‌ನಲ್ಲಿ, ಅಂದರೆ ವೆಬ್ ಪುಟದ ಕೋಡ್ ಬರೆಯುವ ಭಾಷೆಯಲ್ಲಿ, ತುಂಬಾ ವರ್ಷದಿಂದ ಇದೆ. ಎಲ್ಲಾ ಅದೇ ನೋಡಿಕೊಳ್ಳುತ್ತೆ.

ಮಲಪ್ರಭಾ_ದಂಡೆ

ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲರೂ ಬೀಳೋ ಗುಂಡಿ ಇದೇ.

ಎನ್‌ಕೋಡ್‌ಯುಆರ್‌ಐ ಇರೋದು ಪೂರ್ತಿ ಲಿಂಕಿಗೆ. ಪೂರ್ತಿ ಲಿಂಕ್ ಕೆಡಬಾರದು ಅಂತ ಅದು & # ? = + / : ; , @ $ ಇಷ್ಟನ್ನೂ ಮುಟ್ಟೋದೇ ಇಲ್ಲ. ಅಂದರೆ ಇವರಿಗೆ ಯಾವುದು ಬೇಕೋ ಅದನ್ನೇ ಬಿಡುತ್ತೆ. ಖಾಲಿ ಜಾಗ %20 ಆಗೋದು ನೋಡಿ, ಸರಿ ಆಯ್ತು ಅಂದುಕೊಳ್ಳುತ್ತಾರೆ. ಬೇಕಾಗಿರೋದು ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್. ಅದನ್ನೂ ಪೂರ್ತಿ ಲಿಂಕಿಗೆ ಹಚ್ಚಬಾರದು, ಹಚ್ಚಿದರೆ ಮೊದಲಿನ : ಮತ್ತು / ಕೂಡ ಬದಲಾಗಿ ಲಿಂಕೇ ತೆರೆಯೋದಿಲ್ಲ. = ಆದ ಮೇಲೆ ಬರುವ ಬೆಲೆ ಇದೆಯಲ್ಲ, ಅದಕ್ಕೆ ಮಾತ್ರ ಹಚ್ಚಬೇಕು. ಒಂದೊಂದು ಬೆಲೆಗೂ ಬೇರೆ ಬೇರೆಯಾಗಿ ಹಚ್ಚಿ, ಆಮೇಲೆ & ಹಾಕಿ ಜೋಡಿಸಬೇಕು. ಒಮ್ಮೆ ಜೋಡಿಸಿದ ಮೇಲೆ ಯಾವ & ನಿಮ್ಮದು, ಯಾವ & ಗಿರಾಕಿಯದು ಅಂತ ದೇವರಿಗೂ ಗೊತ್ತಾಗಲ್ಲ.

ಬೈಟ್_ಬಸವ

ಒಪ್ಪಿದೆ. ನಮ್ಮ ಆಫೀಸಿನ ಕೋಡ್ ಈಗಷ್ಟೇ ತೆರೆದು ನೋಡಿದೆ, ನಾಲ್ಕು ಕಡೆ ಇದೇ ತಪ್ಪಿದೆ. ಇವತ್ತೇ ತಿದ್ದುತ್ತೇನೆ.

ಕುಂದಾಪ್ರಿಯೆ (ಬೆಳಗಾವಿ)

ನೀವೆಲ್ಲ & ಮೇಲೇ ನಿಂತಿದ್ದೀರಿ, ನನಗೆ + ಬಗ್ಗೆ ಹೇಳಲೇಬೇಕು.

ನಾವು ಕಾಲೇಜಿನ ಗೆಳೆಯರು ಸೇರಿ ರಕ್ತ ಕೊಡುವವರ ಒಂದು ಪಟ್ಟಿ ಇಟ್ಟಿದ್ದೇವೆ. ಪುಟದಲ್ಲಿ ಎಂಟು ಗುಂಪಿಗೆ ಎಂಟು ಲಿಂಕ್. ಗುಂಪು ಒತ್ತಿದರೆ ಹತ್ತಿರದವರ ಹೆಸರು ಬರಬೇಕು. ಒಂದು ರಾತ್ರಿ ಹನ್ನೊಂದೂವರೆಗೆ ಖಾನಾಪುರದಿಂದ ಫೋನ್ ಬಂತು, ಓ+ ಬೇಕು, ನಿಮ್ಮ ಪಟ್ಟಿಯಲ್ಲಿ ಯಾರೂ ಇಲ್ಲ ಅಂತ ಬರುತ್ತಿದೆ ಅಂದರು. ನನಗೆ ನಂಬೋಕಾಗಲಿಲ್ಲ. ಪಟ್ಟಿಯಲ್ಲಿ ಜಾಸ್ತಿ ಇರೋರೇ ಓ+ ನವರು, ನಾನೇ ಓ+. ಓಡಿಹೋಗಿ ನಾನೇ ಕೊಟ್ಟೆ, ಅದು ಬೇರೆ ಮಾತು.

ಮರುದಿನ ನೋಡಿದರೆ ಲಿಂಕ್ ಹೀಗಿತ್ತು: ?ಗುಂಪು=ಓ+ . ಪ್ಯಾರಾಮೀಟರ್ ಭಾಗದಲ್ಲಿ, ಅಂದರೆ ? ಆದ ಮೇಲೆ, + ಅಂದರೆ ಖಾಲಿ ಜಾಗ ಅಂತ ಸರ್ವರ್ ಓದುತ್ತೆ. ಅದಕ್ಕೆ ಹೋಗಿದ್ದು "ಓ" ಆಮೇಲೆ ಒಂದು ಖಾಲಿ ಜಾಗ. ಅಂಥ ರಕ್ತದ ಗುಂಪು ಯಾವುದೂ ಇಲ್ಲ. ಓ- ಮಾತ್ರ ಸರಿಯಾಗಿ ಬರುತ್ತಿತ್ತು, ಯಾಕಂದ್ರೆ - ಮೀಸಲು ಅಕ್ಷರ ಅಲ್ಲ. ನಾವು ಪರೀಕ್ಷೆ ಮಾಡುವಾಗ "ಅಪರೂಪದ ಗುಂಪು ಸರಿ ಬಂದರೆ ಎಲ್ಲಾ ಸರಿ" ಅಂತ ಓ- ಒಂದನ್ನೇ ಒತ್ತಿ ನೋಡಿದ್ದೆವು. ನಾಲ್ಕು ಪಾಸಿಟಿವ್ ಗುಂಪೂ ಎಷ್ಟು ದಿನದಿಂದ ಖಾಲಿ ತೋರಿಸುತ್ತಿದ್ದವೋ. + ಅನ್ನ %2ಬಿ (ಬಿ ಅಂದರೆ ಇಂಗ್ಲಿಷ್ ಅಕ್ಷರ) ಅಂತ ಬರೆಯಬೇಕಿತ್ತು, ಅಷ್ಟೇ. ಮೂರು ಅಕ್ಷರ.

ಮಲಪ್ರಭಾ_ದಂಡೆ

ಓದಿ ಮೈ ಜುಮ್ ಅಂತು. ಇದನ್ನ ಎಲ್ಲಾ ಕಾಲೇಜಿನಲ್ಲೂ ಮೊದಲ ದಿನವೇ ಹೇಳಬೇಕು.

ದ್ರಾಕ್ಷಿತೋಟ

ಅಯ್ಯೋ, ನನ್ನ ಸೈಟ್‌ನಲ್ಲಿ ಫೋನ್ ನಂಬರ್ +91 ಅಂತ ಲಿಂಕಿನಲ್ಲಿ ಹೋಗುತ್ತೆ. ಈಗ ಗೊತ್ತಾಯ್ತು, ಶೀಟ್‌ನಲ್ಲಿ ಯಾಕೆ ಎಲ್ಲಾ ನಂಬರಿನ ಮುಂದೆ ಒಂದು ಖಾಲಿ ಜಾಗ ಇದೆ ಅಂತ. ತೊಂದರೆ ಇಲ್ಲ ಅಂದಿದ್ದೆ, ಇತ್ತು. ನಾನು ನೋಡಿರಲಿಲ್ಲ.

ಅಥಣಿ_ಆಯಿ (ಅಥಣಿ)

ಒಂದು ಪ್ರಶ್ನೆ. ಖಾಲಿ ಜಾಗಕ್ಕೆ ಕೆಲವು ಕಡೆ %20 ಇರುತ್ತೆ, ಕೆಲವು ಕಡೆ + ಇರುತ್ತೆ. ಯಾವುದು ಸರಿ?

ಬೈಟ್_ಬಸವ

ಎರಡೂ ಇದೆ, ಜಾಗ ಬೇರೆ. + ಬಂದಿದ್ದು ಫಾರ್ಮ್‌ಗಳಿಂದ. ವೆಬ್ ಪುಟದಲ್ಲಿ ಫಾರ್ಮ್ ತುಂಬಿ ಕಳಿಸುವಾಗ ಖಾಲಿ ಜಾಗಕ್ಕೆ + ಹಾಕೋ ಪದ್ಧತಿ ಹಳೆಯದು, ಅದು ಈಗಲೂ ನಡೆಯುತ್ತಿದೆ. ಕೋಡ್ ಬರೆಯುವ ಭಾಷೆಗಳಲ್ಲೂ ಒಂದೊಂದು ಒಂದೊಂದು ಥರ. ಪಿಎಚ್‌ಪಿಯಲ್ಲಿ ಯುಆರ್‌ಎಲ್‌ಎನ್‌ಕೋಡ್ ಬಳಸಿದರೆ + ಬರುತ್ತೆ, ರಾಯುಆರ್‌ಎಲ್‌ಎನ್‌ಕೋಡ್ ಬಳಸಿದರೆ %20. ಜಾವಾದ ಯುಆರ್‌ಎಲ್‌ಎನ್‌ಕೋಡರ್ + ಕೊಡುತ್ತೆ. ಪೈಥಾನ್‌ನ ಕೋಟ್ %20 ಕೊಡುತ್ತೆ, ಆದರೆ / ಅನ್ನ ಹಾಗೇ ಬಿಡುತ್ತೆ, ಅದು ನೆನಪಿರಲಿ.

ನನ್ನ ಅಭ್ಯಾಸ: ಎಲ್ಲಾ ಕಡೆ %20. ಅದನ್ನ ಎಲ್ಲರೂ ಖಾಲಿ ಜಾಗ ಅಂತಲೇ ಓದುತ್ತಾರೆ. + ಹಾಗಲ್ಲ. ಮೇಲ್ ತೆರೆಯುವ ಲಿಂಕಿನಲ್ಲಿ ವಿಷಯ ಅಂತ "ಸೀರೆ+ಬೆಲೆ" ಕೊಟ್ಟರೆ ಮೇಲ್‌ನಲ್ಲೂ ಪ್ಲಸ್ ಪ್ಲಸ್ಸಾಗಿಯೇ ಕಾಣುತ್ತೆ.

ಅಮೀನಗಡ_ಸಿಹಿ (ಅಮೀನಗಡ)

ಯುಪಿಐ ಸ್ಟಿಕರ್‌ನಲ್ಲೂ ಇದೇ ಕಥೆ. ಆ ಕ್ಯೂಆರ್ ಒಳಗಿರೋದೂ ಒಂದು ಲಿಂಕೇ. ಪಿಎ ಅಂದರೆ ಯಾರಿಗೆ, ಪಿಎನ್ ಅಂದರೆ ಹೆಸರು, ಎಎಂ ಅಂದರೆ ಎಷ್ಟು, ಟಿಎನ್ ಅಂದರೆ ಟಿಪ್ಪಣಿ. ನಮ್ಮ ಕರದಂಟಿನ ಅಂಗಡಿ ಹೆಸರಿನಲ್ಲಿ & ಇದೆ. ಪ್ರಿಂಟ್ ಮಾಡಿಸುವವರು ಹಾಗೇ ಹಾಕಿ 200 ಡಬ್ಬಿಗೆ ಅಂಟಿಸಿ ಕೊಟ್ಟರು. ಸ್ಕ್ಯಾನ್ ಮಾಡಿದರೆ ಅರ್ಧ ಹೆಸರು ಬರುತ್ತಿತ್ತು. ಗಿರಾಕಿಗಳಿಗೆ ಅನುಮಾನ, ಇದು ನಿಮ್ಮದೇನಾ ಅಂತ. ಎಲ್ಲಾ ಕಿತ್ತು ಹೊಸದು ಅಂಟಿಸಿದೆವು. ಬೆರಳಿನ ತುದಿ ಎರಡು ದಿನ ಉರಿಯಿತು.

ಕುಂದಾಪ್ರಿಯೆ

ಕರದಂಟು ಅಮೀನಗಡದ್ದೇ ಚೆಂದ, ಇದನ್ನ ನಾನು ಬೆಳಗಾವಿಯಲ್ಲಿ ಕೂತು ಹೇಳುತ್ತಿದ್ದೇನೆ.

ಗೋಕಾಕ_ಧಬಧಬೆ (ಗೋಕಾಕ)

ಗೋಕಾಕದ ಕರದಂಟು ತಿಂದಿಲ್ಲ ಅಂತ ಕಾಣುತ್ತೆ. ಬೆಳಗಾವಿ ಜಿಲ್ಲೆಯವರೇ ಹೀಗಂದರೆ ಹೇಗೆ?

ತೋಪತೆನಿ

ವಿಷಯಕ್ಕೆ ಬನ್ನಿ ಎಲ್ಲರೂ. ಲಿಂಕ್ ಅನ್ನೋದಕ್ಕೆ ಕನ್ನಡದಲ್ಲಿ ಕೊಂಡಿ ಅಂತಾರೆ. ಕೊಂಡಿ ಅಂದರೆ ನನಗೆ ಮೊದಲು ನೆನಪಾಗೋದು ಮಗ್ಗ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸುತ್ತಾರೆ, ಅದಕ್ಕೇ ಕೊಂಡಿ ಅನ್ನೋದು. ನಮ್ಮ ಅವ್ವ ಈಗಲೂ ಹಾಕುತ್ತಾಳೆ, ಕಣ್ಣು ಮಂಜಾದರೂ ಬೆರಳಿಗೆ ಗೊತ್ತು. ಒಂದೊಂದು ಎಳೆಗೂ ಒಂದೊಂದು ಕೊಂಡಿ. ಎರಡು ಎಳೆ ಒಂದೇ ಕೊಂಡಿಗೆ ಸಿಕ್ಕಿಕೊಂಡರೆ ಸೆರಗು ಅಲ್ಲೇ ಮುದುಡುತ್ತೆ. ಮೇಲೆ ಮಲಪ್ರಭಾದವರು ಒಂದೊಂದು ಬೆಲೆಗೂ ಬೇರೆ ಬೇರೆ ಅಂದಾಗ ನನಗೆ ಅದೇ ಕಣ್ಣಿಗೆ ಬಂತು.

ಅಥಣಿ_ಆಯಿ

ಇನ್ನು ಮೇಲೆ ನಾನೂ ಕೊಂಡಿ ಅಂತಲೇ ಬರೆಯುತ್ತೇನೆ.

ಖಣದಂಗಡಿ

ಮತ್ತೆ ಬಂದೆ, ಬೇಜಾರಾಗಬೇಡಿ. ಅಣ್ಣನ ಮಗ ನಿನ್ನೆ ರಾತ್ರಿ ಕೂತು ಆ ಕಾಂಪೊನೆಂಟ್ ಫಂಕ್ಷನ್ ಹಾಕಿದ. ಈಗ ಯಾವುದೂ ತುಂಡಾಗುತ್ತಿಲ್ಲ, ಆದರೆ ಸಂದೇಶದಲ್ಲಿ "ಇಳಕಲ್ ಸೀರೆ %26 ಖಣ" ಅಂತ ಅಕ್ಷರಕ್ಕೆ ಅಕ್ಷರ ಬರುತ್ತಿದೆ. ಇದೇನು?

ಮಲಪ್ರಭಾ_ದಂಡೆ

ಎರಡು ಸಲ ಆಯ್ತು. ನೀವು ಶೀಟ್‌ನಲ್ಲಿ ಕೈಯಿಂದ %26 ಬರೆದಿದ್ದೀರಿ. ಅದನ್ನ ಫಂಕ್ಷನ್ ನೋಡಿ, ಇಲ್ಲಿ % ಇದೆ, ಇದನ್ನ %25 ಮಾಡಬೇಕು ಅಂತ %2526 ಮಾಡಿದೆ. ಆ ಕಡೆಯವರು ಒಂದೇ ಸಲ ಬಿಚ್ಚುತ್ತಾರೆ, ಆಗ %26 ಉಳಿಯುತ್ತೆ. ಎಲ್ಲಾದರೂ %25 ಆದ ಮೇಲೆ ತಕ್ಷಣ ಎರಡು ಅಂಕೆ ಕಂಡರೆ ಇದೇ ಅಂತ ಅನುಮಾನ ಪಡಿ.

ಶೀಟ್‌ನಲ್ಲಿ ಎಲ್ಲಾ ಮೊದಲಿನ ಹಾಗೇ ಮಾಡಿ. & ಅಂದರೆ &, # ಅಂದರೆ #, 50% ಅಂದರೆ 50%. ಮನುಷ್ಯರು ಓದೋ ಜಾಗದಲ್ಲಿ ಮನುಷ್ಯರು ಬರೆಯೋ ಹಾಗೇ ಇರಲಿ. ಲಿಂಕ್ ಕಟ್ಟುವ ಆ ಒಂದು ಸಾಲಿನಲ್ಲಿ, ಒಂದೇ ಸಲ ಬದಲಾಗಲಿ. ಕೋಡ್ ಬೇಡ ಅಂದರೆ ಗೂಗಲ್ ಶೀಟ್ಸ್‌ನಲ್ಲೂ ಎಕ್ಸೆಲ್‌ನಲ್ಲೂ ಎನ್‌ಕೋಡ್‌ಯುಆರ್‌ಎಲ್ ಅಂತ ಸೂತ್ರವೇ ಇದೆ. ದ್ರಾಕ್ಷಿತೋಟದವರೇ, ನಿಮಗೂ ಇದು ಆಗುತ್ತೆ ನೋಡಿ.

ಕ್ಯಾಂಪ್_ಹುಡುಗ

ಮೊದಲ ಉತ್ತರದಲ್ಲಿ ಕೈಯಿಂದ ಹಾಕಿ ಅಂದವನು ನಾನೇ. 140 ಸಾಲು ಎರಡು ಸಲ ತಿದ್ದೋ ಹಾಗೆ ಮಾಡಿದೆ, ಕ್ಷಮಿಸಿ.

ವಚನಬೀದಿ (ವಿಜಯಪುರ)

ಕನ್ನಡ ಅಕ್ಷರದ ಬಗ್ಗೆ ಯಾರೂ ಮಾತಾಡಲಿಲ್ಲ. ಖಣ ಅನ್ನೋ ಎರಡಕ್ಷರ ಲಿಂಕಿನಲ್ಲಿ %ಇ0%ಬಿ2%96%ಇ0%ಬಿ2%ಎ3 ಆಗುತ್ತೆ. ಯುಟಿಎಫ್-8 ಅಂದರೆ ಅಕ್ಷರಗಳನ್ನ ಕಂಪ್ಯೂಟರ್ ಬರೆದಿಡುವ ಪದ್ಧತಿ, ಅದರಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ ಮೂರು ಬೈಟ್, ಒಂದೊಂದು ಬೈಟಿಗೂ ಮೂರು ಚಿಹ್ನೆ. ಬೆಳಗಾವಿ ಅಂತ ಬರೆದರೆ 63! ಕಾಗುಣಿತದ ಗುರುತುಗಳೂ ಬೇರೆ ಬೇರೆ ಎಣಿಕೆ ಆಗುತ್ತವೆ. ಅಂಥ ಲಿಂಕನ್ನ ಕ್ಯೂಆರ್ ಮಾಡಿ ವಿಸಿಟಿಂಗ್ ಕಾರ್ಡಿನ ಮೂಲೆಯಲ್ಲಿ ಹಾಕಿಸಿದರೆ ಚುಕ್ಕಿಗಳು ಸಾಸಿವೆಗಿಂತ ಸಣ್ಣ ಆಗಿ ಹಳೆ ಫೋನು ಓದೋದೇ ಇಲ್ಲ.

ಇನ್ನೊಂದು ಕಣ್ಣಿಗೆ ಕಾಣದ್ದು. ಬಾಗಲಕೋಟೆ ಅಂತ ಕೆಲವರು, ಬಾಗಲ್‌ಕೋಟೆ ಅಂತ ಕೆಲವರು ಬರೆಯುತ್ತಾರೆ. ಎರಡನೆಯದರಲ್ಲಿ ಲ್ ಮತ್ತು ಕೋ ಒತ್ತಾಗದ ಹಾಗೆ ಮಧ್ಯೆ ಒಂದು ಅದೃಶ್ಯ ಅಕ್ಷರ ಇರುತ್ತೆ. ಲಿಂಕಿನಲ್ಲಿ ಅದೂ %ಇ2%80%8ಸಿ ಅಂತ ಹೋಗುತ್ತೆ. ಹುಡುಕುವ ಪುಟಕ್ಕೆ ಇದು ಬೇರೆಯೇ ಊರು. ಮೂರು ತಾಸು ನಾನು ಇದರ ಹಿಂದೆ ಬಿದ್ದಿದ್ದೆ.

ಗೋಕಾಕ_ಧಬಧಬೆ

ಊರ ಹೆಸರು ಅಂದ ಕೂಡಲೇ ನೆನಪಾಯ್ತು, 2014ರ ನವೆಂಬರ್ 1ಕ್ಕೆ ಬೆಳಗಾಂವ್ ಬೆಳಗಾವಿ ಆಯ್ತು, ಬಿಜಾಪುರ ವಿಜಯಪುರ ಆಯ್ತು. ಲಿಂಕಿನಲ್ಲಿ ಊರಿನ ಹೆಸರನ್ನೇ ಹಾಕಿದ್ದವರ ಹಳೆ ಲಿಂಕು ಎಲ್ಲಾ ಸತ್ತವು. ಊರಿಗೆ ಒಂದು ಸಂಖ್ಯೆ ಇಟ್ಟು ಅದನ್ನೇ ಲಿಂಕಿನಲ್ಲಿ ಕಳಿಸಿ. ಉದ್ದವೂ ಕಡಿಮೆ, ಕಾಗುಣಿತದ ಜಗಳವೂ ಇಲ್ಲ.

ಖಣದಂಗಡಿ

ಶೀಟ್ ಮತ್ತೆ ಮೊದಲಿನ ಹಾಗೇ ಮಾಡಿ ಈಗಷ್ಟೇ ನೋಡಿದೆ. ಬಂತು! "ಇಳಕಲ್ ಸೀರೆ & ಖಣ, ಗಿಳಿಹಸಿರು, 50% ರಿಯಾಯಿತಿ, ಮನೆ #14, ಫೋನ್ +91..." ಒಂದು ಚುಕ್ಕಿಯೂ ತಪ್ಪಿಲ್ಲ. ಸೊಲ್ಲಾಪುರದ ಅಕ್ಕನಿಗೆ ಖಣ ನಮ್ಮ ಕಡೆಯಿಂದಲೇ ಕಳಿಸಿದ್ದೇನೆ. ಕುಬಸ ಮುಗಿದಿದೆ, ಆದರೂ ತೊಟ್ಟಿಲಿಗೆ ಹಾಕುವ ದಿನಕ್ಕೆ ಆಗುತ್ತೆ ಅಂದರು.

ಕುಂದಾಪ್ರಿಯೆ

ತುಂಬಾ ಸಂತೋಷ. ನನ್ನದೊಂದು ಉಳಿದಿದೆ. ಪುಟದಲ್ಲಿ + ಸರಿಮಾಡಿದೆವು, ಆದರೆ ಹಳೆ ಲಿಂಕ್ ಎಷ್ಟೋ ಜನರ ಫೋನಿನಲ್ಲಿ ಸೇವ್ ಆಗಿದೆ, ಗುಂಪುಗಳಲ್ಲಿ ಇನ್ನೂ ಓಡಾಡುತ್ತಿದೆ. ಅದನ್ನ ಒತ್ತಿದರೆ ಈಗಲೂ ಖಾಲಿ. ಸರ್ವರಿನಲ್ಲಿ "ಓ" ಮತ್ತು ಖಾಲಿ ಜಾಗ ಬಂದರೆ ಓ+ ಅಂತ ತಿಳಿದುಕೋ ಅಂತ ಬರೆಯಲಾ?

ಬೈಟ್_ಬಸವ

ಬೇಡ. ತಪ್ಪನ್ನ ಒಪ್ಪಿಕೊಳ್ಳೋಕೆ ಶುರು ಮಾಡಿದರೆ ಆ ತಪ್ಪು ಯಾವತ್ತೂ ಹೋಗೋದಿಲ್ಲ. ಹಳೆ ಲಿಂಕಿಗೆ "ಹೊಸ ಲಿಂಕ್ ಇಲ್ಲಿದೆ" ಅಂತ ತೋರಿಸಿ.

ಮಲಪ್ರಭಾ_ದಂಡೆ

ಬೇರೆ ಯಾವುದಾದರೂ ಆಗಿದ್ದರೆ ನಾನೂ ಬಸವ ಹೇಳಿದ್ದನ್ನೇ ಹೇಳುತ್ತಿದ್ದೆ. ಇದು ರಕ್ತ. ರಾತ್ರಿ ಹನ್ನೊಂದೂವರೆಗೆ ಆಸ್ಪತ್ರೆ ವರಾಂಡದಲ್ಲಿ ನಿಂತವರಿಗೆ ಇನ್ನೊಂದು ಪುಟ ತೋರಿಸೋದು ಬೇಡ. ಖಾಲಿ ಜಾಗ ಕೊನೆಗೆ ಬಂದರೆ + ಅಂತ ಓದಲಿ. ನಾಲ್ಕು ಗುಂಪಿಗೂ ಹಾಗೇ ಮಾಡಿ, ಆಮೇಲೆ ಎಂಟನ್ನೂ ಒಂದೊಂದಾಗಿ ನೀವೇ ಒತ್ತಿ ನೋಡಿ.

ಕುಂದಾಪ್ರಿಯೆ

ಒತ್ತುತ್ತಿದ್ದೇನೆ. ಐದು ಆಯ್ತು, ಐದೂ ಬಂತು.